ಇಸವಿಯ ಕೆಳಗಿನ ಚುಕ್ಕಿ

ನಾಣ್ಯಕ್ಕೂ ಒಂದು ಹುಟ್ಟೂರಿರುತ್ತದೆ, ಅದು ಅಚ್ಚಾದ ಟಂಕಸಾಲೆಯ ಊರು. ಅದರ ಗುರುತು ಇಸವಿಯ ಕೆಳಗೆ, ಸಾಸಿವೆಗಿಂತ ಸಣ್ಣದಾಗಿ ಕೂತಿರುತ್ತದೆ. ದಿನಬಳಕೆಯ ನಾಣ್ಯದಲ್ಲಿ ವಜ್ರಾಕೃತಿ ಕಂಡರೆ ಮುಂಬೈ, ಐದು ಮೂಲೆಯ ನಕ್ಷತ್ರ ಕಂಡರೆ ಹೈದರಾಬಾದ್, ದುಂಡು ಚುಕ್ಕಿ ಕಂಡರೆ ನೋಯ್ಡಾ. ಏನೂ ಕಾಣದಿದ್ದರೆ ಕೋಲ್ಕತ್ತ. ಮನೆಯ ಹಿರಿಯಣ್ಣ ತನ್ನ ಹೆಸರು ತಾನೇ ಹೇಳಿಕೊಳ್ಳುವುದಿಲ್ಲವಲ್ಲ, ಆ ಗತ್ತು.

ಹಾವೇರಿಯಲ್ಲಿ ಬಸ್ಸು ಹತ್ತಿದವನಿಗೆ ರಾಣೇಬೆನ್ನೂರಿನಲ್ಲಿ ಇಳಿಯುವಷ್ಟರಲ್ಲಿ ಕಂಡಕ್ಟರು ಕೊಟ್ಟ ಚಿಲ್ಲರೆಯಲ್ಲೇ ನಾಲ್ಕೂ ಊರು ಸಿಕ್ಕರೆ ಆಶ್ಚರ್ಯವಿಲ್ಲ. ನಾನು ಕನ್ನಡಕ ಹಣೆಗೇರಿಸಿ ನಾಣ್ಯವನ್ನು ಮೂಗಿನ ತುದಿಗೆ ಹಿಡಿದರೆ ಪಕ್ಕದ ಸೀಟಿನವರಿಗೆ ಸಂಶಯ.

"ಯಾಕ್ರಿ, ಖೊಟ್ಟಿ ಐತೇನು?"

"ಇಲ್ರಿ, ಹೈದರಾಬಾದಿಂದು."

ಇದರಿಂದ ಅವರ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ. ಅವರದೂ ತಪ್ಪಲ್ಲ. ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಸಾರಿ ಹೇಳಿದರೂ, "ಅದು ನಡಿಯೂದಿಲ್ರಿ" ಎಂದು ತಳ್ಳಿಬಿಡುವ ಅಂಗಡಿಗಳು ಇವತ್ತಿಗೂ ಇವೆ. ನಾಣ್ಯವನ್ನು ಎರಡನೇ ಸಲ ನೋಡುವವನೆಂದರೆ ಜನಕ್ಕೆ ಒಂದೋ ಮೋಸ ಹೋದವನು, ಇಲ್ಲವೇ ಮೋಸ ಮಾಡುವವನು.

ಅದೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ನೋಡಿ. ಅಲ್ಲಿ ದಿಟ್ಟಿಸಿ ನೋಡುವುದೇ ಕಸುಬು. ವ್ಯಾಪಾರಸ್ಥರು ಸೀನುತ್ತಲೇ ಒಂದು ಕಾಯಿ ಎತ್ತಿ, ಬಣ್ಣ ನೋಡಿ, ಸುಕ್ಕು ನೋಡಿ, ಇದು ಕಡ್ಡಿ ಇದು ಡಬ್ಬಿ ಎಂದು ಬೇರೆ ಮಾಡುತ್ತಾರೆ. ಅವರನ್ನು ಯಾರೂ ತಲೆ ಕೆಟ್ಟವರು ಅನ್ನುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಭೌಗೋಳಿಕ ಗುರುತೂ ಒಂದು ರೀತಿಯಲ್ಲಿ ಹುಟ್ಟೂರಿನ ಮುದ್ರೆಯೇ. ಒಂದೇ ವ್ಯತ್ಯಾಸವೆಂದರೆ, ಮೆಣಸಿನಕಾಯಿಗೆ ಸುಕ್ಕು ಬಿದ್ದಷ್ಟೂ ಮಾನ. ನಾಣ್ಯಕ್ಕೆ ಸವೆತ ಬಿದ್ದಷ್ಟೂ ಅನುಮಾನ.

ಸವೆದ ನಾಣ್ಯದ ಕತೆ ಹೀಗೆ: ವಜ್ರದ ನಾಲ್ಕು ಮೂಲೆ ಕರಗಿದರೆ ಅದು ಚುಕ್ಕಿಯಂತೆ ಕಾಣುತ್ತದೆ. ನಕ್ಷತ್ರದ ಐದು ತುದಿ ಮೊಂಡಾದರೂ ಚುಕ್ಕಿಯೇ. ಆಗ ಇಸವಿ ಕೈ ಹಿಡಿಯುತ್ತದೆ. 1982ರ ನಾಣ್ಯದಲ್ಲಿ ದುಂಡನೆಯದೇನೋ ಕಂಡಿತೆಂದು ನೋಯ್ಡಾ ಅನ್ನುವ ಹಾಗಿಲ್ಲ. ಆ ಟಂಕಸಾಲೆ ಕೆಲಸ ಶುರುಮಾಡಿದ್ದೇ 1988ರಲ್ಲಿ. ಹೈದರಾಬಾದಿನದು ಇನ್ನೂ ತಮಾಷೆ. ನಕ್ಷತ್ರಕ್ಕೆ ಗಟ್ಟಿಯಾಗಿ ನಿಲ್ಲುವ ಮೊದಲು ಅದು ಸೀಳಿದ ವಜ್ರ, ನಡುವೆ ಚುಕ್ಕಿಯಿಟ್ಟ ವಜ್ರ ಎಂದು ವೇಷ ಬದಲಿಸಿತ್ತು. ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಸಿಕ್ಕ 1985ರ ರೂಪಾಯಿಯ ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರವಿತ್ತು. ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಜಿಲ್ಲೆ ದಾಟಿ ಹೋಗದ ಅಜ್ಜಿಯ ಸೊಂಟದಲ್ಲಿ ವಿಲಾಯಿತಿಯ ರೂಪಾಯಿ!

ಇವನ್ನೆಲ್ಲ ಫೋಟೋದಲ್ಲಿ ಹಿಡಿಯುವುದು ಬೇರೆಯೇ ವಿದ್ಯೆ. 1992ರಿಂದ ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದಾಯಿತು. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಹೊಳಪು, ಗುರುತು ನಾಪತ್ತೆ. ಬೆಳಗಿನ ಓರೆ ಬಿಸಿಲು ಬೀಳುವ ಕಿಟಕಿಯ ಪಕ್ಕ ಕರಿ ಬಟ್ಟೆ ಹಾಸಬೇಕು. ಎರಡು ಕಡೆ ದಪ್ಪ ಪುಸ್ತಕ ಪೇರಿಸಿ ಮೇಲೆ ಫೋನು ಅಡ್ಡ ಮಲಗಿಸಬೇಕು. ಅಕ್ಕಸಾಲಿಗರು ಕಣ್ಣಿಗಿಡುವ ಭೂತಗನ್ನಡಿಯನ್ನು ಕ್ಯಾಮೆರಾದ ಕೆಳಗೆ ಹಿಡಿಯಬೇಕು. ಬೆರಳು ತಾಗಿದರೂ ಚಿತ್ರ ಅಲುಗುವುದರಿಂದ ಟೈಮರ್ ಇಡಬೇಕು. ಬೆಳಕನ್ನು ಕದಲಿಸದೆ ನಾಣ್ಯವನ್ನೇ ಮೆಲ್ಲಗೆ ತಿರುಗಿಸುತ್ತ ಹೋದರೆ, ಯಾವುದೋ ಒಂದು ಕೋನದಲ್ಲಿ ಚುಕ್ಕಿಗೆ ಎಳೆಯಷ್ಟು ನೆರಳು ಹುಟ್ಟುತ್ತದೆ. ಬೆಳಕು ಮಾತ್ರ ಚಿತ್ರದ ಮೇಲ್ತುದಿಯಿಂದಲೇ ಬರಬೇಕು. ಕೆಳಗಿನಿಂದ ಬಂದರೆ ಉಬ್ಬಿದ್ದು ತಗ್ಗಾಗಿ ಕಂಡು ಕಣ್ಣೇ ಸುಳ್ಳು ಹೇಳುತ್ತದೆ.

ಮನೆಯಲ್ಲಿ ಇದಕ್ಕಿಂತ ಸುಲಭದ ಉಪಾಯವಿದೆ. "ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡ್ಲೇನು? ಚಂದ ಕಾಣ್ತೈತಿ." ಸಂಗ್ರಹಕಾರನ ಎದೆ ಒಡೆಯಲು ಇಷ್ಟು ಸಾಕು. ತಿಕ್ಕಿದ ನಾಣ್ಯ ಹೊಳೆಯುತ್ತದೆ, ನಿಜ. ಉಳಿದಿದ್ದ ಅರ್ಧ ಚುಕ್ಕಿಯೂ ಹೋಗಿರುತ್ತದೆ.

ಊರಿನ ಗುರುತಿಡುವ ಈ ಚಾಳಿ ನಮ್ಮ ಸೀಮೆಗೆ ಹೊಸದಲ್ಲ. ಲಕ್ಕುಂಡಿಯ ಟಂಕಸಾಲೆಯ ಹೊನ್ನು ಲೊಕ್ಕಿ ಗದ್ಯಾಣ ಎಂದು ಊರಿನ ಹೆಸರಿನಲ್ಲೇ ಶಾಸನಗಳಲ್ಲಿ ಓಡಾಡಿದೆ. ಟಿಪ್ಪುವಿನ ಟಂಕಸಾಲೆಗಳಲ್ಲಿ ಧಾರವಾಡಕ್ಕೆ ಖುರ್ಷೀದ್ ಸವಾದ್ ಎಂಬ ಹೊಸ ಹೆಸರು. ಗುರುತು ಇದ್ದದ್ದು ನಮ್ಮಂಥ ಹವ್ಯಾಸಿಗಳಿಗಾಗಿ ಅಲ್ಲ. ತೂಕವೋ ಲೋಹವೋ ಕಮ್ಮಿಯಾದರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಅಂತ. ಮೈಮೇಲೆ ಜವಾಬ್ದಾರಿ ಬರೆದುಕೊಂಡು ತಿರುಗುವ ಸರಕಾರಿ ವಸ್ತು ಇದೊಂದೇ ಇರಬೇಕು.

ನಂಟರಿಗೆ ಇದಾವುದೂ ಬೇಡ. "ಇದಕ್ಕ ಲಕ್ಷಗಟ್ಟಲೆ ಬರ್ತೈತಂತಲ್ರಿ, ಮೊಬೈಲ್‌ದಾಗ ಬಂದಿತ್ತು" ಎನ್ನುತ್ತಾರೆ. ತನ್ನ ಹೆಸರು ಹೇಳಿ ಹಳೆಯ ನಾಣ್ಯದ ಆಸೆ ತೋರಿಸುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಲಕ್ಷದ ಮಾತು ಬಂದಾಗ ನಾನು ಫೋಟೋ ತೋರಿಸುತ್ತೇನೆ, ಅವರು ಚಹಾ ಮುಗಿಸುತ್ತಾರೆ.

ನನಗೆ ಹೆಚ್ಚು ಹೊತ್ತು ಹಿಡಿಯುವುದು ಕೋಲ್ಕತ್ತವೇ. ನಕ್ಷತ್ರ ಕಂಡರೆ ಕಂಡಿತು, ಬರೆದುಕೊಂಡರಾಯಿತು. ಏನೂ ಇಲ್ಲ ಎಂದು ಬರೆಯಬೇಕಾದರೆ ನಾಣ್ಯವನ್ನು ಸುತ್ತಲೂ ತಿರುಗಿಸಿ, ಎಲ್ಲ ಕೋನದ ಬೆಳಕಿನಲ್ಲೂ ಹುಡುಕಿ, ಅಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲವೋ ಇದ್ದದ್ದು ಸವೆದು ಹೋಯಿತೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಷ್ಟೆಲ್ಲ ಆದ ಮೇಲೂ ಅದರ ಬೆಲೆ ಒಂದು ರೂಪಾಯಿಯೇ. ಹಾಗಾಗಿ ನಾನು ಕೂಡಿಡುವುದು ಚಿತ್ರವನ್ನು ಮಾತ್ರ. ಮೋಟೆಬೆನ್ನೂರು ಕ್ರಾಸಿನಲ್ಲಿ ಚಹಾದವರು ಚಿಲ್ಲರೆ ಕೇಳಿದರೆ ಮುಂಬೈ, ಹೈದರಾಬಾದು, ಕೋಲ್ಕತ್ತ ಎಲ್ಲವನ್ನೂ ಎಣಿಸಿ ಕೊಟ್ಟುಬಿಡುತ್ತೇನೆ. ನಾಣ್ಯ ಹುಟ್ಟಿದ್ದೇ ತಿರುಗಾಡಲಿಕ್ಕೆ.