ನವಾಬರೂ ಮೌಸುಗಳೂ

ಅನ್ಯಭಾಷೆಯ ಶಬ್ದವು ಒಂದು ಭಾಷೆಯ ಮನೆಯನ್ನು ಹೊಕ್ಕ ಬಳಿಕ ಆ ಮನೆಯ ಕಟ್ಟಳೆಗೆ ಒಳಪಡುವುದು ಸಹಜ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದಕ್ಕೆ ನಿದರ್ಶನವನ್ನು ದೂರದಿಂದ ತರಬೇಕಾಗಿಲ್ಲ. ಬಿ.ಜಿ. ಕೆರೆಯಲ್ಲಿ ತೆಲುಗು ಮನೆಮಾತಿನ ಬಾಲಕನು ಮನೆಯಲ್ಲಿ ‘ಬಸ್ಸುಲು’ ಎನ್ನುತ್ತಾನೆ. ಶಾಲೆಯಲ್ಲಿ ‘ಬಸ್ಸುಗಳು’ ಎಂದು ಬರೆಯುತ್ತಾನೆ. ಶಬ್ದವೊಂದೇ, ಪ್ರತ್ಯಯ ಮಾತ್ರ ಆಯಾ ಭಾಷೆಯದು. ಎರಡೆಡೆಯಲ್ಲಿಯೂ ಇಂಗ್ಲಿಷಿನ ಬಹುವಚನವನ್ನು ಅವನು ಬೇಡುವುದಿಲ್ಲ.

ಆದರೆ ಅದೇ ಬಾಲಕನು ಕಂಪ್ಯೂಟರಿನ ವಿಷಯವಾಗಿ ‘ಮೌಸುಗಳು’ ಎಂದು ಬರೆದರೆ ನಗುವವರುಂಟು. ‘ಮೈಸ್’ ಎಂದಾಗಬೇಡವೇ ಎಂಬುದು ಅವರ ಆಕ್ಷೇಪ. ‘ಡೇಟಾ’ ಎಂಬುದು ಲ್ಯಾಟಿನ್ನಿನ ‘ಡೇಟಮ್’ ಶಬ್ದದ ಬಹುವಚನವಾದುದರಿಂದ ‘ಡೇಟಾಗಳು’ ಎಂಬುದು ಪುನರುಕ್ತಿಯೆಂದೂ ಅವರು ಹೇಳುವರು.

ಈ ಆಕ್ಷೇಪವು ವಿಚಾರದ ಮುಂದೆ ನಿಲ್ಲದು. ಸಂಸ್ಕೃತದಲ್ಲಿ ‘ಫಲಾನಿ’ ಎಂದಿದ್ದರೂ ಸಂಸ್ಕೃತವನ್ನು ಅರೆದು ಕುಡಿದ ಪಂಡಿತನೂ ಕನ್ನಡದಲ್ಲಿ ‘ಫಲಗಳು’ ಎಂದೇ ಬರೆಯುತ್ತಾನೆ. ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ಪಡೆಯುವ ರೂಪಾಂತರಗಳಿಗಾಗಿ 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ‘ನವಾಬ’ ಎಂಬ ಶಬ್ದವಂತೂ ಅರಬ್ಬಿಯ ‘ನಾಯಿಬ್’ ಎಂಬುದರ ಬಹುವಚನದಿಂದ ಬಂದುದು. ಗೌರವಾರ್ಥದಲ್ಲಿ ಒಬ್ಬನಿಗೇ ಸಂದಿತು. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರಾಲಿಯು ದುರ್ಗದ ಸೀಮೆಯವರಿಗೆ ನವಾಬನೇ. ಅಂಥವರು ಹಲವರಾದರೆ ಕನ್ನಡಿಗರು ‘ನವಾಬರು’ ಎಂದರು. ಬಹುವಚನದ ಮೇಲೆ ಬಹುವಚನ ಬಿದ್ದಿತೆಂದು ಯಾರೂ ನಗಲಿಲ್ಲ. ‘ಸ್ಪೇರ್ ಪಾರ್ಟ್ಸುಗಳು’ ಎನ್ನುವ ಮೆಕ್ಯಾನಿಕ್ಕನು ನಡೆಯುವುದೂ ಅದೇ ಹಾದಿಯಲ್ಲಿ.

ಇಂಗ್ಲಿಷಾದರೂ ತನ್ನ ಅತಿಥಿಗಳನ್ನು ಹೀಗೆಯೇ ಪಳಗಿಸಿದೆ. ಕೀಟದ ಮೀಸೆಗಳಿಗೆ ‘ಆಂಟೆನೀ’ ಎಂಬ ಲ್ಯಾಟಿನ್ ಬಹುವಚನವನ್ನು ಉಳಿಸಿಕೊಂಡ ಆ ಭಾಷೆ, ರೇಡಿಯೋ ಬಂದಾಗ ‘ಆಂಟೆನಾಸ್’ ಎಂಬ ಸರಳ ರೂಪವನ್ನು ಬಳಕೆಗೆ ತಂದಿತು. ಕಂಪ್ಯೂಟರಿನ ಮೌಸಿಗೆ ‘ಮೌಸಸ್’ ಎಂಬ ರೂಪವನ್ನೂ ಇಂಗ್ಲಿಷ್ ನಿಘಂಟುಗಳು ಒಪ್ಪಿವೆ. ಕನ್ನಡಕ್ಕಾದರೋ ಇನ್ನೊಂದು ಸೌಕರ್ಯವುಂಟು: ಸಂಖ್ಯೆಯು ಮುಂದಿದ್ದರೆ ನಪುಂಸಕ ನಾಮಪದಕ್ಕೆ ‘ಗಳು’ ಬೇಕೆಂಬ ಕಡ್ಡಾಯವಿಲ್ಲ. ‘ಹತ್ತು ತೆಂಗಿನಕಾಯಿ’ ಎಂಬಂತೆ ‘ಹತ್ತು ಮೌಸು’ ಎಂದರೂ ಸಾಧುವೇ.

ಇಂಗ್ಲಿಷಿನಲ್ಲಿ ಬರೆಯುವಾಗ ಇಂಗ್ಲಿಷಿನ ನಿಯಮವನ್ನು ವಿದ್ಯಾರ್ಥಿಯು ಕಲಿತು ಪಾಲಿಸಬೇಕು. ಅದರಲ್ಲಿ ರಿಯಾಯಿತಿ ಸಲ್ಲದು. ಕನ್ನಡದಲ್ಲಿ ಬರೆಯುವಾಗ ಕನ್ನಡದ ನಿಯಮವೇ ಪ್ರಮಾಣ. ಸರಿಯಾಗಿ ಬರೆದ ಬಾಲಕನನ್ನು ನಕ್ಕು ನಾಚಿಸಿದರೆ ಅವನು ತಪ್ಪನ್ನು ಬಿಡುವುದಿಲ್ಲ, ಬರೆಯುವ ಧೈರ್ಯವನ್ನೇ ಬಿಡುತ್ತಾನೆ. ಹೊಸ ಯಂತ್ರಗಳ ಮಾತನ್ನು ಕನ್ನಡದಲ್ಲಿ ಆಡಬೇಕಾದವನು ಅವನೇ ಎಂಬುದನ್ನು ಮರೆಯಲಾಗದು.