ಮೂರು ಮನೆಯ ಎತ್ತರ

ಪತ್ರಿಕೆಗಳಲ್ಲಿ ಬರುವ ಪದಬಂಧವು ಬರಿಯ ಹೊತ್ತುಗಳೆಯುವ ವಿನೋದವೆಂದು ಹಲವರ ಎಣಿಕೆ. ವಾಚಕರಲ್ಲಿಯೂ ಅನೇಕರು ಮಧ್ಯಾಹ್ನದ ಊಟ ಮುಗಿಸಿ, ಸೀಸದ ಕಡ್ಡಿಯೊಂದನ್ನು ಹಿಡಿದು ಆ ಕಪ್ಪುಬಿಳುಪಿನ ಚೌಕಗಳೆದುರು ಕುಳಿತಿರಬಹುದು. 1913ನೆಯ ಇಸವಿಯ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚು ಹಾಕಿಸಿದ ಈ ಆಟವು ಕನ್ನಡಕ್ಕೆ ಬಂದು ನಮ್ಮದೇ ಆಗಿಹೋಗಿದೆ. ಕೋಲಾರ ಜಿಲ್ಲೆಯವರಾದ ಅ. ನಾ. ಪ್ರಹ್ಲಾದರಾವ್ ಅವರೊಬ್ಬರೇ ಇಂತಹ ಬಂಧಗಳನ್ನು ಸಾವಿರಗಟ್ಟಲೆ ರಚಿಸಿದ್ದಾರೆ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದೇ ಲಿಪಿ. ನಮ್ಮಲ್ಲಿಯೋ ಕಾಗುಣಿತ, ಒತ್ತು, ಸೊನ್ನೆಗಳೆಲ್ಲವೂ ಅವಿಭಕ್ತ ಕುಟುಂಬದವರಂತೆ ಒಂದೇ ಮನೆಯಲ್ಲಿ ಬಾಳಬೇಕು. ಆದುದರಿಂದಲೇ 'ಉತ್ತುಂಗ'ದಂತಹ ದೊಡ್ಡ ಮಾತಿಗೂ ಮೂರೇ ಮನೆ ಸಾಕು.

ಎತ್ತರವನ್ನೂ ಮೇಲಿರುವುದನ್ನೂ ಕುರಿತ ಸುಳುಹುಗಳು ಪದೇ ಪದೇ ಬರುತ್ತವೆ. 'ಬೆಟ್ಟದ ತುದಿ' ಎಂದರೆ ಶಿಖರ. 'ದೇಗುಲದ ನೆತ್ತಿಯಲ್ಲಿರುವುದು' ಎಂದರೆ ಕಳಸ. ಉನ್ನತ, ಗೋಪುರ, ಮಹಡಿ, ಆಕಾಶ, ಕೊನೆಗೆ 'ಎತ್ತರ'ವೆಂಬ ಮಾತು ಕೂಡ ಅದೇಕೋ ಮೂರು ಮನೆಗಳನ್ನೇ ಬಯಸುತ್ತವೆ. ಬಿಡಿಸುವವರಿಗೆ ಇದರಿಂದ ಸಂಕಟವೇ ಹೊರತು ಸಹಾಯವಿಲ್ಲ. ಅಡ್ಡ ಬರುವ ಪದದಿಂದ ಒಂದಕ್ಷರವಾದರೂ ದೊರೆಯುವವರೆಗೆ ಯಾವುದನ್ನೂ ನೆಚ್ಚುವಂತಿಲ್ಲ. ಇನ್ನೊಂದು ವಿಚಿತ್ರವೆಂದರೆ, ಶಿಖರವನ್ನು ಸಹ 'ಮೇಲಿನಿಂದ ಕೆಳಕ್ಕೆ' ಇಳಿಯುತ್ತಲೇ ಬರೆಯಬೇಕು. ಹತ್ತುತ್ತ ಬರೆಯುವ ಪದಬಂಧವನ್ನು ನಾನಿನ್ನೂ ಕಂಡಿಲ್ಲ.

ನಾನು ಮೈಸೂರು ಸೀಮೆಯಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಸಿಂದಗಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಎತ್ತರವೆಂದರೆ ಬೆಟ್ಟ. ಅದು ದೇವರು ಕೊಟ್ಟದ್ದು. ಇಲ್ಲಿಯೋ ಕಣ್ಣು ಹಾಯುವಷ್ಟು ದೂರ ಎರೆಯ ನೆಲ, ಜೋಳ, ತೊಗರಿ. ಎತ್ತರವನ್ನು ಮನುಷ್ಯನೇ ಕಟ್ಟಿಕೊಳ್ಳಬೇಕು. ಸುಮಾರು 60 ಕಿಲೋಮೀಟರು ದೂರದ ವಿಜಯಪುರದಲ್ಲಿ ಹಾಗೆ ಕಟ್ಟಿದವರೂ ಇದ್ದರು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯ ಮೇಲೆ ಹೊರವ್ಯಾಸವೇ ಸುಮಾರು 144 ಅಡಿಯಿರುವ ಗುಮ್ಮಟವು ನಿಂತಿದೆ. ಅದಕ್ಕಿಂತಲೂ ನನಗೆ ಪ್ರಿಯವಾದುದು ಉಪಲಿ ಬುರುಜು. 1584ರಲ್ಲಿ ಹೈದರಖಾನನು ಕಟ್ಟಿಸಿದ ಇದರ ಎತ್ತರ ಸುಮಾರು 80 ಅಡಿ. ಮೆಟ್ಟಿಲುಗಳು ಹೊರಗೋಡೆಯನ್ನು ಸುತ್ತಿಕೊಂಡು ಮೇಲೇರುತ್ತವೆ. ಇದನ್ನು ಉಪರಿ ಬುರುಜೆಂದು ಕರೆಯುವುದೂ ಉಂಟು. ಉಪರಿ ಎಂದರೆ ಮೇಲೆ. ನಮ್ಮ ಉಪ್ಪರಿಗೆಯೂ ಇದೇ ಬಳಗದ್ದು.

ನಮ್ಮ ಮನೆಯಲ್ಲಿ ಪದಬಂಧದ ಅಧಿಕಾರ ಅತ್ತೆಯವರದು. ಅವರು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಸುಳುಹನ್ನು ನಾನು ಓದಬೇಕು, ಅವರು ಉತ್ತರ ಹೇಳಬೇಕು, ನಾನು ಬರೆಯಬೇಕು. ಇದು ನಮ್ಮೊಳಗಿನ ಒಪ್ಪಂದ. ಒಂದು ದಿನ 'ಮೇಘ' ಎಂಬ ಸುಳುಹು ಬಂದಿತ್ತು. ಮೂರು ಮನೆ, ಕೊನೆಯದರಲ್ಲಿ 'ಲು'. ನಾನು ಕೂಡಲೆ 'ಮುಗಿಲು' ಎಂದೆ. ಅತ್ತೆಯವರು ಒಪ್ಪಲಿಲ್ಲ. "ಮುಗಿಲಂದ್ರ ಮ್ಯಾಲಿಂದು ಪೂರಾ, ಯವ್ವಾ. ಮೋಡ ಅದರಾಗಿನ ತುಣುಕು," ಎಂದರು. ನಮ್ಮ ಕಡೆ ಮುಗಿಲೆಂದರೆ ಮೋಡ, ಈ ಕಡೆ ಇಡೀ ಆಕಾಶ. ಎರಡೂ ಶುದ್ಧ ಕನ್ನಡವೇ. ಆದರೂ ಅವರು ಉಳಿದುದೆಲ್ಲವನ್ನೂ ತುಂಬಿಸಿ, ಆ ಎರಡು ಮನೆಗಳನ್ನು ಬರಿದಾಗಿಯೇ ಬಿಡಿಸಿದರು. ಮರುದಿನದ ಉತ್ತರದಲ್ಲಿ 'ಮುಗಿಲು' ಎಂದೇ ಇತ್ತು. ಅವರು ಅದನ್ನು ಓದಿಸಿ ಕೇಳಿ, "ಅವರ ಊರಾಗ ಮುಗಿಲು ಭಾಳ ಸಣ್ಣದಿರಬೇಕು ಬಿಡು," ಎಂದರು.

ಅಂದಿನಿಂದ ನಾನು ಅವರ ಉತ್ತರಗಳನ್ನು ಬೇರೆ ಕಿವಿಯಿಂದ ಕೇಳತೊಡಗಿದೆನು. ಪದಬಂಧದಲ್ಲಿ ಮೇಲಿರುವ ವಸ್ತುಗಳಿಗೆ ಪರ್ಯಾಯಪದಗಳಿವೆ. ಅತ್ತೆಯವರ ಬಾಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಏಣಿಯುಂಟು. ಮಂಚಿಕೆಯೆಂದರೆ ತೆನೆಗಟ್ಟಿದ ಜೋಳದ ಹೊಲದಲ್ಲಿ ನಾಲ್ಕು ಕಂಬಗಳ ಮೇಲೆ ಕಟ್ಟಿದ ಹಲಗೆ. ಹತ್ತು ವರ್ಷದ ಹುಡುಗಿಯಾಗಿ ಅವರು ಅಲ್ಲಿ ಕವಣೆ ಹಿಡಿದು ನಿಂತು ಹಕ್ಕಿ ಓಡಿಸಿದ್ದರು. ಮಂಚಿಕೆಯಿಂದ ನೋಡಿದರೆ ಡೋಣಿಯ ಹಳ್ಳಕೊಳ್ಳವೆಲ್ಲ ಅಂಗೈಯಷ್ಟಾಗಿ ಕಾಣುತ್ತಿತ್ತೆಂದು ಹೇಳುತ್ತಾರೆ. ನೆಲುವು ಎಂದರೆ ಬೆಕ್ಕಿಗೆ ಎಟುಕದ ಎತ್ತರ. ಹೆಸರಿನಲ್ಲಿಯೇ ನೆಲವನ್ನಿಟ್ಟುಕೊಂಡು ಅದು ತೊಲೆಗೆ ತೂಗುತ್ತಿರುವುದು ನನಗಂತೂ ಇಂದಿಗೂ ಸೋಜಿಗ!

ಇನ್ನು ಮಾಳಿಗೆ. ಮೈಸೂರು ಸೀಮೆಯ ಓದುಗರು ಇದನ್ನು ಮಹಡಿಯೆಂದು ಭಾವಿಸಬಾರದು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ನೀರಿಳಿಯದಂತೆ ತುಳಿದು ಕೂಡಿಸಿದ ಮಣ್ಣು. ಅಂಚಿಗೆ ಕುಂಬಿ, ನಡುವೆ ಅಡುಗೆಮನೆಗೆ ಬೆಳಕನ್ನಿಳಿಸುವ ಬೆಳಕಿಂಡಿ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಬೇಕು. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗುವುದು ಅಲ್ಲಿ. ಬೇಸಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುವುದೂ ಅಲ್ಲಿ. ಒಂದರ ಮಗ್ಗುಲಿಗೊಂದು ಮಾಳಿಗೆಯಿದ್ದುದರಿಂದ ಹೆಂಗಸರು ಓಣಿಗಿಳಿಯದೆ ನಾಲ್ಕು ಮನೆಯ ಸುದ್ದಿ ತಿಳಿದು ಬರುತ್ತಿದ್ದರಂತೆ. ಅತ್ತೆಯವರು ನಾಲ್ಕು ಮಕ್ಕಳನ್ನು ಚುಕ್ಕಿ ತೋರಿಸಿ ಮಲಗಿಸಿದ ಜಾಗವದು. ಮೊಣಕಾಲು ನೋವಿನಿಂದ ಅವರು ನಿಚ್ಚಣಿಕೆ ಹತ್ತದೆ ನಾಲ್ಕು ವರ್ಷಗಳಾಗಿದ್ದವು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಜಂತಿ ಬಿರಿಯಿತು. ಮಣ್ಣಿನ ಭಾರಕ್ಕೆ ಹಳೆಯ ಮನೆಗಳು ಕುಸಿಯುವುದನ್ನು ಈ ಕಡೆಯವರೆಲ್ಲರೂ ಬಲ್ಲರು. ಮಾಳಿಗೆಯನ್ನಿಳಿಸಿ ಸಿಮೆಂಟಿನ ಛಾವಣಿ ಹಾಕಿಸಬೇಕೆಂದು ಯಜಮಾನರೂ ಮೈದುನನೂ ನಿಶ್ಚಯಿಸಿದರು. ತಾಯಿಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ಎಂಟು ದಿನ ಪಿಸುಮಾತಿನಲ್ಲಿಯೇ ಕಳೆಯಿತು. ಒಂದು ಸಂಜೆ ಅವರೇ ಕರೆದು, "ಕೆಡವ್ರಿ. ಮಣ್ಣು ಮಕ್ಕಳ ಮ್ಯಾಲೆ ಬೀಳೂದಕ್ಕಿಂತ ನಾವಽ ಇಳಿಸೂದು ಛಲೋ," ಎಂದರು. ಇಳಿಸಿದ ಮಣ್ಣು ಬಂಡಿಗಳಲ್ಲಿ ಹೊಲಕ್ಕೆ ಹೋಯಿತು. ಆ ಮೂರು ದಿನ ಅವರು ಪದಬಂಧವನ್ನು ಕೇಳಲಿಲ್ಲ, ನಾನೂ ಓದಲಿಲ್ಲ.

ಈಗ ಮನೆ ಭದ್ರವಾಗಿದೆ, ಮಳೆಯ ರಾತ್ರಿಗಳಲ್ಲಿ ನಿದ್ದೆ ಬರುತ್ತದೆ. ಮಕ್ಕಳು ಹೊಸದನ್ನು 'ಟೆರೇಸು' ಎನ್ನುತ್ತಾರೆ. ಅತ್ತೆಯವರು ಬೆರಳು ಮಡಿಸಿ ಎಣಿಸಿ, "ಅದೂ ಮೂರಽ ಮನಿ," ಎಂದು ನಕ್ಕು, ತಾವು ಮಾತ್ರ ಮಾಳಿಗೆಯೆಂದೇ ಕರೆಯುತ್ತಿದ್ದಾರೆ. ಬೆಳಕಿಂಡಿಯಿಲ್ಲದ ಅಡುಗೆಮನೆಗೆ ಹಗಲಿನಲ್ಲಿಯೂ ದೀಪ ಬೇಕು. ಈ ದೂರು ಅವರದಲ್ಲ, ನನ್ನದು. ಸಂಜೆಯಾದರೆ ಅವರು ಮೆಟ್ಟಿಲಿನ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು, ಮೇಲೆ ಆಡುತ್ತಿರುವ ಮೊಮ್ಮಗಳನ್ನು ಕೂಗಿ, "ಮುಗಿಲು ಹ್ಯಾಂಗೈತಿ?" ಎಂದು ಕೇಳುತ್ತಾರೆ.

"ಮುಗಿಲ ತುಂಬ ಮೋಡ ಐತಿ, ಆಯಿ!" ಎಂದು ಆ ಹುಡುಗಿ ಮೇಲಿನಿಂದ ಕೂಗುತ್ತಾಳೆ.