ಅಟಿಗನ್ ಕಣಿವೆಯಲ್ಲಿ ಕೈಕೊಟ್ಟ ಬಿಸಿ

ಅಟಿಗನ್ ಘಾಟಿಯ ನೆತ್ತಿ ದಾಟಿ ಉತ್ತರಕ್ಕೆ ಇಳಿಯತೊಡಗಿದ್ದೇ ತಡ, ಹೀಟರಿನ ಗಾಳಿ ಸೊರಗಿತು. ಮೊದಲು ಉಗುರುಬೆಚ್ಚಗಾಯಿತು, ಆಮೇಲೆ ಅದೂ ಇಲ್ಲ. ನಮ್ಮ ಉಸಿರಿನ ತೇವವೇ ಮುಂಗಾಜಿನ ಒಳಮೈಗೆ ಅಂಟಿ ಹೆಪ್ಪುಗಟ್ಟುತ್ತಿತ್ತು. ಭಾವ ಒಂದು ಕೈಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಹಿಮ ಕೆರೆಯುತ್ತಿದ್ದರು. ಅಂಗೈಯಗಲದ ಕಿಂಡಿ, ಅದರಲ್ಲೇ ಇಡೀ ರಸ್ತೆ ಕಾಣಬೇಕು!

"ನಿಲ್ಸಿ ಭಾವ, ನೋಡೋಣ."

"ಇಲ್ಲಿ ಬೇಡ. ಹಿಮ ಕುಸಿಯೋ ಜಾಗ ಇದು. ಕೆಳಗಿಳೀಲಿ."

ನಾವು ಹೋಗುತ್ತಿದ್ದ ಅಲಾಸ್ಕದ ಡಾಲ್ಟನ್ ಹೆದ್ದಾರಿಯನ್ನು 1974ರಲ್ಲಿ ತೈಲ ಕೊಳವೆಯ ಕೆಲಸಕ್ಕೆಂದು ಹಾಕಿದರು. 666 ಕಿ.ಮೀ. ಉದ್ದ. ಕೋಲ್ಡ್‌ಫುಟ್ ಬಿಟ್ಟ ಮೇಲೆ ಡೆಡ್‌ಹಾರ್ಸ್‌ವರೆಗೆ 386 ಕಿ.ಮೀ. ಡೀಸೆಲ್ ಸಿಗುವುದಿಲ್ಲ, ಗ್ಯಾರೇಜಿಲ್ಲ. ಅಮೆರಿಕದಲ್ಲೇ ಅತಿ ಕಡಿಮೆ ಉಷ್ಣಾಂಶ, −62.2 ಡಿಗ್ರಿ, 1971ರ ಜನವರಿಯಲ್ಲಿ ದಾಖಲಾದದ್ದು ಇದೇ ಸೀಮೆಯ ಪ್ರಾಸ್ಪೆಕ್ಟ್ ಕ್ರೀಕಿನಲ್ಲಿ. ನಾವಿದ್ದದ್ದು ಡಿಸೆಂಬರಿನ ನಡುಮಧ್ಯಾಹ್ನ. ಸೂರ್ಯ ಹುಟ್ಟುವ ಮಾತೇ ಇಲ್ಲ.

ಘಾಟಿಯ ಮೇಲೆ ಚಳಿ ಇಷ್ಟಿರಲಿಲ್ಲ. ಭಾರವಾದ ತಣ್ಣನೆ ಗಾಳಿ ಕಣಿವೆಯ ತಳಕ್ಕಿಳಿದು ಮಡುಗಟ್ಟುತ್ತದೆ. ಇಳಿದಂತೆಲ್ಲ ಮಾಪಕವೂ ಇಳಿಯಿತು: −30, −35, −40. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಡಿ, −40 ಎರಡರಲ್ಲೂ ಒಂದೇ.

ಸಮತಟ್ಟು ಜಾಗ ಸಿಕ್ಕಿತು. ರಸ್ತೆ ಬಿಟ್ಟು ಪಕ್ಕಕ್ಕೆ ಸರಿದು ನಿಂತೆವು. ಎಂಜಿನ್ ಆಫ್ ಮಾಡಲಿಲ್ಲ. ಈ ಚಳಿಯಲ್ಲಿ ಆಯಿಲ್ ಗಟ್ಟಿಯಾದರೆ, ಡೀಸೆಲ್ಲಿನ ಮೇಣ ಫಿಲ್ಟರಿಗೆ ಕಟ್ಟಿಕೊಂಡರೆ, ಮತ್ತೆ ಸ್ಟಾರ್ಟ್ ಆಗುವ ಭರವಸೆಯಿಲ್ಲ. ಆದರೆ ಸುಮ್ಮನೆ ಓಡಿಸುತ್ತ ಕೂತರೂ ಉಳಿಗಾಲವಿಲ್ಲ. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಸುಡುವ ಇಂಧನವೇ ಅತ್ಯಲ್ಪ. ಹುಟ್ಟುವ ಬಿಸಿಯೂ ಅಷ್ಟೇ. ಭಾವ ಆರ್‌ಪಿಎಮ್ಮನ್ನು 1,200ಕ್ಕೆ ಏರಿಸಿ ಹಿಡಿದರು. ನಾನು ಟಾರ್ಚು ಹಿಡಿದು ಕೆಳಗೆ ಹಾರಿದೆ.

ಚಳಿ ಮುಖಕ್ಕೆ ಬಡಿಯಿತು. ರೆಪ್ಪೆಗಳು ಒಂದಕ್ಕೊಂದು ಅಂಟುತ್ತಿದ್ದವು. ಬಾನೆಟ್ ಎತ್ತಿದೆ. ಮೊದಲು ಕೂಲೆಂಟ್: ಮಟ್ಟ ಸರಿಯಿತ್ತು. ಅದು ಇಳಿದಿದ್ದರೆ ಗಾಳಿ ಸಿಕ್ಕಿಕೊಂಡು ಹೀಟರಿಗೆ ನೀರೇ ಹರಿಯದು. ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಎಂಜಿನ್ ಓಡುವಾಗ ಅದನ್ನು ತೆಗೆಯುವುದು ಮುಖ ಸುಟ್ಟುಕೊಳ್ಳುವ ದಾರಿ.

ಮುಂದೆ ಹೋಸ್‌ಗಳು. ಎಂಜಿನ್ನಿನಿಂದ ಕ್ಯಾಬಿನ್ನಿನ ಗೋಡೆಯೊಳಕ್ಕೆ ಎರಡು ಹೋಗುತ್ತವೆ, ಒಂದು ಬಿಸಿನೀರು ಒಯ್ಯುವುದು, ಇನ್ನೊಂದು ವಾಪಸು ತರುವುದು. ನಮ್ಮನ್ನು ಬೆಚ್ಚಗಿಡುವುದು ಈ ನೀರೇ. ಬೆಲ್ಟು, ಫ್ಯಾನು ನೋಡಿಕೊಂಡು ದಪ್ಪ ಗ್ಲೌಸ್ ಕಳಚಿದೆ. ತೆಳು ಗ್ಲೌಸಿನಲ್ಲೇ ಎರಡನ್ನೂ ಹಿಡಿದೆ. ಎರಡೂ ಸುಡುತ್ತಿದ್ದರೆ ತಪ್ಪು ಡ್ಯಾಶ್‌ಬೋರ್ಡಿನೊಳಗೆ, ಬಿಸಿಗಾಳಿ ತಿರುಗಿಸುವ ಬಾಗಿಲು ಮುರಿದಿದೆ ಎಂದರ್ಥ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಹೀಟರ್ ಕೋರ್ ಕಟ್ಟಿಕೊಂಡಿದೆ. ನನ್ನ ಕೈಗೆ ಸಿಕ್ಕಿದ್ದು ಬೇರೆಯೇ: ಎರಡೂ ಒಂದೇ ಸಮ, ಎರಡೂ ಉಗುರುಬೆಚ್ಚಗೆ.

ಅಂದರೆ ನೀರು ಹರಿಯುತ್ತಿದೆ, ಬಿಸಿಯೇ ಇಲ್ಲ! ಬೆರಳು ಮರಗಟ್ಟುತ್ತಿತ್ತು. ಆದರೂ ರೇಡಿಯೇಟರಿನ ಮೇಲಿನ ಹೋಸ್ ಹಿಡಿದೆ. ಎಂಜಿನ್ ಇಷ್ಟು ತಣ್ಣಗಿರುವಾಗ ಅದೂ ಕೊರೆಯಬೇಕಿತ್ತು, ಏಕೆಂದರೆ ಥರ್ಮೋಸ್ಟಾಟ್ ಮುಚ್ಚಿಕೊಂಡು ನೀರನ್ನು ಎಂಜಿನ್ನಿನಲ್ಲೇ ತಡೆಯಬೇಕು. ಹೋಸ್ ಬೆಚ್ಚಗಿತ್ತು.

"ಥರ್ಮೋಸ್ಟಾಟ್ ತೆರೆದೇ ನಿಂತಿದೆ ಭಾವ! ಬಿಸಿ ಎಲ್ಲ ರೇಡಿಯೇಟರಿಂದ ಹೊರಗೆ ಹೋಗ್ತಿದೆ!"

ಒಗಟು ಬಿಡಿಸಿದಂತಾಯಿತು. ಏರಿನಲ್ಲಿ ಎಂಜಿನ್ ದುಡಿಯುತ್ತಿದ್ದಷ್ಟು ಹೊತ್ತು ಸೋರಿಕೆ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ಕಾಲು ಎತ್ತಿದಾಗ ಇಂಧನ ಉರಿಯುವುದು ನಿಂತಿತು, ಇದ್ದ ಬಿಸಿಯೂ ಬರಿದಾಯಿತು.

ಬದಲಿಸಬೇಕೆಂದರೆ ಕೂಲೆಂಟ್ ಹೊರಚೆಲ್ಲಬೇಕು. ಈ ಚಳಿಯಲ್ಲಿ ಅದು ಸಾವನ್ನು ಕರೆದಂತೆ. ಹಿಂದಿದ್ದ ಸಾಮಾನಿನ ರಟ್ಟಿನ ಪೆಟ್ಟಿಗೆ ಹರಿದು, ಗ್ರಿಲ್ಲಿನ ಮುಂದೆ ಹಗ್ಗದಿಂದ ಬಿಗಿದೆವು, ನಡುವೆ ಒಂದು ಗೇಣು ಬಿಟ್ಟು. ಪೂರ್ತಿ ಮುಚ್ಚಿದರೆ ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿಗೂ ಉಸಿರಿಲ್ಲ.

ಗಾಡಿಯನ್ನು ಕೋಲ್ಡ್‌ಫುಟ್ಟಿನತ್ತ ತಿರುಗಿಸಿದೆವು. ಕೆಳ ಗೇರು, ಮೇಲಿನ ಆರ್‌ಪಿಎಂ. ಉಷ್ಣದ ಮುಳ್ಳು ಅಲುಗಿತು. ನಿಂತಿತು. ಮತ್ತೆ ಏರಿತು! ಗಾಜಿನ ಬುಡದಲ್ಲಿ ಬೆರಳಗಲ ಹಿಮ ಕರಗಿತು. ಘಾಟಿಯ ಏರು ಬರುವ ಮುಂಚೆ ಇಳಿದು ರಟ್ಟಿನ ಅರ್ಧ ಕಿತ್ತೆ, ಆ ಏರಿನಲ್ಲಿ ಎಂಜಿನ್ನಿಗೆ ಗಾಳಿ ಬೇಕೇಬೇಕು. ನೆತ್ತಿ ದಾಟಿದ ಮೇಲೂ ಹಿಮಕುಸಿತದ ಎಚ್ಚರಿಕೆ ಫಲಕಗಳು ಮುಗಿಯುವವರೆಗೆ ನಿಲ್ಲಲಿಲ್ಲ, ಆಮೇಲೆ ಮತ್ತೆ ಕಟ್ಟಿದೆ. ಕಾಲ್ಬೆರಳುಗಳಿಗೆ ಜೀವ ಬಂದಾಗ ನೋವಿಗೆ ಕಣ್ಣೀರೇ ಬಂತು. ಕೋಲ್ಡ್‌ಫುಟ್ಟಿನ ದೀಪ ಕಂಡಾಗ ಭಾವ ಸ್ಟೇರಿಂಗನ್ನು ತಟ್ಟಿ ನಕ್ಕರು.

ಫೇರ್‌ಬ್ಯಾಂಕ್ಸಿನಲ್ಲಿ ಥರ್ಮೋಸ್ಟಾಟ್ ಬಿಚ್ಚಿದೆವು. ತಣ್ಣಗಿದ್ದರೂ ಬಾಯಿ ತೆರೆದಿತ್ತು. ಕವಾಟದ ಅಂಚಿನಲ್ಲಿ ತುಕ್ಕಿನ ಚೂರೊಂದು ಸಿಕ್ಕಿತ್ತು. ಹೊಸದನ್ನು ಒಲೆಯ ಮೇಲಿನ ನೀರಿನಲ್ಲಿಳಿಸಿ ನೋಡಿದೆವು: 88 ಡಿಗ್ರಿಯ ಹತ್ತಿರ ತೆರೆಯಿತು, ತಣಿದಾಗ ಮುಚ್ಚಿತು. ಅರ್ಧಕ್ಕರ್ಧ ಕೂಲೆಂಟ್ −37ರವರೆಗಷ್ಟೇ ತಡೆಯುತ್ತದೆ. ಅದನ್ನೂ ಅರವತ್ತು ಪಾಲು ಕೂಲೆಂಟಿಗೆ ನಲವತ್ತು ಪಾಲು ನೀರಿನಂತೆ ಬೆರೆಸಿ ತುಂಬಿದೆವು. ಆ ವಾರವೇ ಮತ್ತೆ ಉತ್ತರಕ್ಕೆ ಹೊರಟೆವು.